ಅಫ್ಘಾನಿಸ್ತಾನದಲ್ಲಿ ಮಿಶನರಿಗಳು: ಬೆಲೆ ತೆತ್ತವರು ಯಾರು?

ತುಂಗಾತೀರ

ಒಂದು ವಿಷಯ ಬಹಳ ದಿನದಿಂದ ತಲೆ ಕೊರೆಯುತ್ತಿದೆ. ಇಲ್ಲಿ ಓದಿಕೊಂಡವರು ಜಾಸ್ತಿ ಇದ್ದೀರಿ, ಕೇಳೋಣ ಅನ್ನಿಸಿತು.

2006ರ ಅಬ್ದುಲ್ ರಹಮಾನ್ ಕೇಸು ನೆನಪಿದೆಯಾ? ಅಫ್ಘಾನಿಸ್ತಾನದವರು. ಪೇಶಾವರದಲ್ಲಿ ಒಂದು ಕ್ರೈಸ್ತ ನೆರವು ಸಂಸ್ಥೆಯ ಜೊತೆ ಕೆಲಸ ಮಾಡುತ್ತಿದ್ದಾಗ ಕ್ರೈಸ್ತರಾದರು. ಅದಾಗಿ ಸುಮಾರು 16 ವರ್ಷ ಕಳೆದ ಮೇಲೆ, ಹೆಣ್ಣುಮಕ್ಕಳು ಯಾರ ಹತ್ತಿರ ಇರಬೇಕು ಅನ್ನುವ ಜಗಳದಲ್ಲಿ ಮನೆಯವರೇ ದೂರು ಕೊಟ್ಟರು. ಪೊಲೀಸರು ಹಿಡಿದರು. ಇಸ್ಲಾಂ ಬಿಟ್ಟಿದ್ದಕ್ಕೆ ಗಲ್ಲು ಶಿಕ್ಷೆ ಆಗಬೇಕು ಅಂತ ಸರ್ಕಾರಿ ವಕೀಲರು ಕೇಳಿದರು. ಇಸ್ಲಾಮಿಗೆ ವಾಪಸ್ ಬಂದರೆ ಕೇಸು ಬಿಡ್ತೀವಿ ಅಂದರು, ಅವರು ಒಪ್ಪಲಿಲ್ಲ.

ಗಮನಿಸಿ, ಇದು ತಾಲಿಬಾನ್ ಕಾಲ ಅಲ್ಲ. ತಾಲಿಬಾನ್ ಬಿದ್ದು ನಾಲ್ಕು ವರ್ಷ ಆಗಿತ್ತು. ಹೊಸ ಸಂವಿಧಾನ ಬಂದಿತ್ತು, ಚುನಾವಣೆ ಆಗಿತ್ತು, ಅಮೆರಿಕ ಮತ್ತು ಯುರೋಪಿನ ಸೈನ್ಯ ಕಾಬೂಲಿನಲ್ಲೇ ಕೂತಿತ್ತು. ಕೊನೆಗೆ ಹೊರದೇಶಗಳ ಒತ್ತಡ ಜೋರಾದಾಗ ಮಾನಸಿಕ ಸ್ಥಿತಿ ಸರಿಯಿಲ್ಲ ಅನ್ನುವ ಕಾರಣ ಕೊಟ್ಟು ಬಿಟ್ಟರು. ಮಾರ್ಚ್ ಕೊನೆಯಲ್ಲಿ ಇಟಲಿ ಆಶ್ರಯ ಕೊಟ್ಟಿತು.

ನನ್ನ ಪ್ರಶ್ನೆ ಇಷ್ಟು. ಹೊರಗಿನಿಂದ ಬಂದ ಮಿಶನರಿಗೆ ಅಲ್ಲಿ ಧರ್ಮಪ್ರಚಾರ ಮಾಡುವ ಹಕ್ಕು ಇದೆಯಾ ಅನ್ನುವುದು ಒಂದು ವಿಷಯ. ಅಲ್ಲೇ ಹುಟ್ಟಿದವರಿಗೆ ತಮ್ಮ ನಂಬಿಕೆ ಬದಲಿಸಿಕೊಳ್ಳುವ ಹಕ್ಕು ಇದೆಯಾ ಅನ್ನುವುದು ಬೇರೆಯದೇ ವಿಷಯ. ನಾವು ಎರಡನ್ನೂ ಕಲಸಿಬಿಡುತ್ತೇವೆ. ಮಿಶನರಿ ಮೇಲಿನ ಸಿಟ್ಟಿನಲ್ಲಿ ಅಬ್ದುಲ್ ರಹಮಾನ್ ಥರದವರ ಹಕ್ಕನ್ನೂ ತಳ್ಳಿಹಾಕುತ್ತೇವೆ. ನಿಮಗೇನನ್ನಿಸುತ್ತದೆ?

ಬಯಲುಸೀಮೆ

ಕಲಸುವುದು ನಾವಲ್ಲ, ಅವರೇ. ಆಸ್ಪತ್ರೆ ಅಂತ ಹೋಗ್ತಾರೆ, ಶಾಲೆ ಅಂತ ಹೋಗ್ತಾರೆ, ಚೀಲದಲ್ಲಿ ಬೈಬಲ್ ಇರುತ್ತದೆ. ಯುದ್ಧದಲ್ಲಿ ಎಲ್ಲ ಕಳೆದುಕೊಂಡವನ ಮುಂದೆ ಗೋಧಿ ಮೂಟೆ ಇಟ್ಟು ದೇವರ ವಿಷಯ ಮಾತಾಡಿದರೆ ಅದು ಸ್ವಾತಂತ್ರ್ಯವಾ? ಹಸಿದವನಿಗೆ ಬೇಡ ಅನ್ನುವ ಶಕ್ತಿ ಎಲ್ಲಿರುತ್ತದೆ?

ಕರಿಕೋಟು

ಬಯಲುಸೀಮೆಯವರೇ, ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ಆದರೆ ಅಬ್ದುಲ್ ರಹಮಾನ್ ಮೇಲೆ ಆಮಿಷದ ಆರೋಪ ಇರಲಿಲ್ಲ. ಅವರು ಯಾರನ್ನೂ ಮತಾಂತರ ಮಾಡಲಿಲ್ಲ. ಅವರ ಮೇಲಿದ್ದ ಆರೋಪ ಒಂದೇ, ನೀನು ಬದಲಾದೆ ಅನ್ನುವುದು.

ಕಾನೂನು ಹೇಗಿತ್ತು ಅಂತ ಸ್ವಲ್ಪ ಹೇಳುತ್ತೇನೆ, ಯಾಕಂದ್ರೆ ಗಂಟು ಇರುವುದೇ ಅಲ್ಲಿ. 2004ರ ಅಫ್ಘನ್ ಸಂವಿಧಾನದ 2ನೇ ವಿಧಿ ಇಸ್ಲಾಂ ದೇಶದ ಧರ್ಮ ಅನ್ನುತ್ತಿತ್ತು. ಬೇರೆ ಧರ್ಮದವರು ಕಾನೂನಿನ ಮಿತಿಯಲ್ಲಿ ತಮ್ಮ ಆಚರಣೆ ಮಾಡಬಹುದು ಅಂತಲೂ ಅನ್ನುತ್ತಿತ್ತು. 3ನೇ ವಿಧಿ ಪ್ರಕಾರ ಇಸ್ಲಾಮಿನ ನಂಬಿಕೆಗೆ ವಿರುದ್ಧವಾದ ಯಾವ ಕಾನೂನೂ ಇರಬಾರದಿತ್ತು. 7ನೇ ವಿಧಿಗೆ ಬಂದರೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಪಾಲಿಸುತ್ತೇವೆ ಅಂತ ಇತ್ತು. ಆ ಘೋಷಣೆಯ 18ನೇ ವಿಧಿಯಲ್ಲಿ ಧರ್ಮ ಬದಲಿಸುವ ಹಕ್ಕು ಬಾಯಿಬಿಟ್ಟು ಹೇಳಿದೆ. 3 ಮತ್ತು 7 ಎದುರುಬದುರು ನಿಂತರೆ ಯಾವುದು ಗೆಲ್ಲಬೇಕು? ಬರೆದವರು ಹೇಳಲಿಲ್ಲ.

ಇನ್ನೊಂದು ಮುಖ್ಯ ಸಂಗತಿ. ಆಗ ಜಾರಿಯಲ್ಲಿದ್ದ 1976ರ ದಂಡ ಸಂಹಿತೆಯಲ್ಲಿ ಧರ್ಮತ್ಯಾಗ ಅನ್ನುವ ಅಪರಾಧವೇ ಇರಲಿಲ್ಲ. ಆದರೆ ಸಂವಿಧಾನದ 130ನೇ ವಿಧಿ ಒಂದು ಬಾಗಿಲು ತೆರೆದಿಟ್ಟಿತ್ತು. ಲಿಖಿತ ಕಾನೂನು ಇಲ್ಲದ ಕಡೆ ಕೋರ್ಟು ಹನಫಿ (ಸುನ್ನಿ ಮುಸ್ಲಿಮರ ಒಂದು ಪಂಥ) ಧರ್ಮಶಾಸ್ತ್ರ ನೋಡಬಹುದು ಅಂತ. ಸರ್ಕಾರಿ ವಕೀಲರು ಆ ಬಾಗಿಲಿನಿಂದಲೇ ಒಳಗೆ ಬಂದರು.

ತುಂಗಾತೀರ

ಇದು ಗೊತ್ತಿರಲಿಲ್ಲ, ಥ್ಯಾಂಕ್ಸ್. ಅಂದ್ರೆ ಪುಸ್ತಕದಲ್ಲಿ ಇಲ್ಲದ ಅಪರಾಧಕ್ಕೆ ಗಲ್ಲು ಕೇಳಿದರು!

ಕಲಬುರಗಿ_ಓದುಗ

ಈ ವಿಷಯ ಬಂದಾಗಲೆಲ್ಲ ನನ್ನಂಥ ಮುಸ್ಲಿಮರ ಕಡೆ ಎಲ್ಲರೂ ತಿರುಗಿ ನೋಡ್ತಾರೆ, ಹಾಗಾಗಿ ನಾನೇ ಮೊದಲು ಹೇಳಿಬಿಡ್ತೀನಿ. ಹಳೆಯ ಶಾಸ್ತ್ರಕಾರರಲ್ಲಿ ಹೆಚ್ಚಿನವರು ಧರ್ಮ ಬಿಟ್ಟವನಿಗೆ ಮರಣದಂಡನೆ ಅಂದಿದ್ದು ನಿಜ. ಅದನ್ನು ಮುಚ್ಚಿಡುವುದು ಬೇಡ. ಹನಫಿಗಳು ಹೆಂಗಸರಿಗೆ ಮಾತ್ರ ಗಲ್ಲು ಬೇಡ, ಸೆರೆ ಸಾಕು ಅಂದರು. ಯಾಕೆ? ಧರ್ಮ ಬಿಟ್ಟ ಗಂಡಸು ಶತ್ರು ಸೈನ್ಯ ಸೇರಿ ಯುದ್ಧಕ್ಕೆ ಬರ್ತಾನೆ ಅನ್ನುವುದು ಅವರ ತರ್ಕ. ಅಂದರೆ ಅದು ನಂಬಿಕೆಗಿಂತ ದೇಶದ್ರೋಹದ ಪ್ರಶ್ನೆ ಆಗಿತ್ತು. ಈಗಿನ ಅನೇಕ ವಿದ್ವಾಂಸರು ಇದೇ ಜಾಗ ಹಿಡಿದು, ಸುಮ್ನೆ ನಂಬಿಕೆ ಬದಲಿಸಿದವನನ್ನು ಮುಟ್ಟಬಾರದು ಅಂತ ವಾದಿಸುತ್ತಾರೆ. ಕುರಾನಿನ 2:256ರಲ್ಲಿ ಧರ್ಮದ ವಿಷಯದಲ್ಲಿ ಬಲವಂತ ಇಲ್ಲ ಅಂತಲೇ ಇದೆ.

ನನ್ನ ಅಭಿಪ್ರಾಯ ಕೇಳಿದರೆ, ಹೆದರಿಕೆಯಿಂದ ಉಳಿದವನ ನಮಾಜು ದೇವರಿಗೆ ಬೇಕಿಲ್ಲ. ಅಬ್ದುಲ್ ರಹಮಾನ್‌ಗೆ ಆಗಿದ್ದು ಅನ್ಯಾಯ. ಆದರೆ ಬಯಲುಸೀಮೆ ಹೇಳಿದ ಗೋಧಿ ಮೂಟೆಯೂ ಅನ್ಯಾಯವೇ. ಬಾಂಬು ಹಾಕಿದ ದೇಶದಿಂದಲೇ ಬೈಬಲ್ಲೂ ಬಂದರೆ ಅಲ್ಲಿನ ಸಾಮಾನ್ಯ ಮನುಷ್ಯ ಎರಡನ್ನೂ ಬೇರೆ ಮಾಡಿ ನೋಡುವುದು ಕಷ್ಟ.

ಕುಡ್ಲದವ

ನಾನು ಕಾಬೂಲಿನ ಹತ್ತಿರ ಇದ್ದ ಅಮೆರಿಕನ್ ಸೈನ್ಯದ ಬಗ್ರಾಮ್ ಬೇಸಿನಲ್ಲಿ ಕೆಲಸ ಮಾಡಿದವನು. ಕಂಟ್ರಾಕ್ಟ್ ಕಂಪನಿ, ಅಡುಗೆ ವಿಭಾಗ. ನಮ್ಮ ದಕ್ಷಿಣ ಕನ್ನಡದವರು ಅಲ್ಲಿ ಸುಮಾರು ಜನ ಇದ್ದರು. ನಾನು ಕೆಥೋಲಿಕ್.

ಕಲಬುರಗಿಯವರ ಕೊನೆ ಮಾತಿಗೆ ಒಂದು ಸೇರಿಸುತ್ತೇನೆ. ಅಮೆರಿಕನ್ ಸೈನ್ಯದಲ್ಲಿ ಜನರಲ್ ಆರ್ಡರ್ ನಂಬರ್ 1 ಅಂತ ಇತ್ತು. ಕುಡಿಯಬಾರದು ಅನ್ನುವ ಪಟ್ಟಿಯಲ್ಲೇ ಧರ್ಮಪ್ರಚಾರ ಮಾಡಬಾರದು ಅಂತಲೂ ಇತ್ತು. ನಮಗೂ ಬಂದ ಹೊಸತರಲ್ಲೇ ಕೂರಿಸಿ ಹೇಳಿದರು. ಸ್ಥಳೀಯ ಕೆಲಸಗಾರರಿಗೆ ಯಾವುದೇ ಧಾರ್ಮಿಕ ಪುಸ್ತಕ, ಚಿತ್ರ ಕೊಡಬೇಡಿ, ಕೊಟ್ಟರೆ ಮುಂದಿನ ವಿಮಾನದಲ್ಲಿ ಮನೆಗೆ. ಭಾನುವಾರ ಬೇಸಿನ ಚಾಪೆಲ್‌ನಲ್ಲಿ ಪೂಜೆ ಇರುತ್ತಿತ್ತು. ರಾತ್ರಿ ನಮ್ಮ ಹುಡುಗರು ರೂಮಿನಲ್ಲಿ ಕೂತು ಮೆಲ್ಲಗೆ ತೇರ್ಸ್, ಅಂದ್ರೆ ಜಪಸರದ ಪ್ರಾರ್ಥನೆ, ಹೇಳುತ್ತಿದ್ದೆವು.

ತರಕಾರಿ ಇಳಿಸಲು ಬರುತ್ತಿದ್ದ ಒಬ್ಬ ಅಫ್ಘನ್ ಹುಡುಗ ಒಮ್ಮೆ ನನ್ನ ಕೊರಳಲ್ಲಿ ಕೊಂತ (ಜಪಸರ) ನೋಡಿದ. ಕೋಪ ಏನೂ ಮಾಡಲಿಲ್ಲ. ತನ್ನ ಕಿಸೆಯಿಂದ ತಸ್ಬೀ, ಅಂದ್ರೆ ಮುಸ್ಲಿಮರ ಜಪಮಾಲೆ, ತೆಗೆದು ತೋರಿಸಿದ. ಆಮೇಲೆ ಗೇಟಿನ ಕಡೆ ಕೈ ತೋರಿಸಿ, ಅತ್ತ ಬರುವಾಗ ಅಂಗಿಯ ಒಳಗೆ ಹಾಕಿಕೋ ಅಂತ ಸನ್ನೆ ಮಾಡಿದ. ಅವನಿಗೆ ನನ್ನ ಮೇಲೆ ದ್ವೇಷ ಇರಲಿಲ್ಲ, ನನಗೆ ಏನಾದರೂ ಆದೀತು ಅನ್ನುವ ಹೆದರಿಕೆ ಇತ್ತು. ನಾನು ಹಾಗೇ ಮಾಡಿದೆ.

ಬಯಲುಸೀಮೆ

ಆರ್ಡರ್ ಇದ್ದರೆ ಸಾಕಾ? 2009ರಲ್ಲಿ ಅದೇ ಬಗ್ರಾಮಿನಲ್ಲಿ ದರಿ ಮತ್ತು ಪಶ್ತೊ ಭಾಷೆಯ ಬೈಬಲ್ ಕಟ್ಟುಗಳು ಟಿವಿಯಲ್ಲಿ ಬಂದವಲ್ಲ?

ಕುಡ್ಲದವ

ಬಂದವು. ಒಬ್ಬ ಸೈನಿಕನಿಗೆ ಅವನ ಚರ್ಚಿನವರು ಕಳಿಸಿದ್ದು. ಸೈನ್ಯ ಅದನ್ನು ಕಿತ್ತುಕೊಂಡು ಸುಟ್ಟುಹಾಕಿತು. ಸುಟ್ಟಿದ್ದಕ್ಕೆ ಅಮೆರಿಕದಲ್ಲಿ ಅವರ ಜನವೇ ಗಲಾಟೆ ಮಾಡಿದರು. ನಿಯಮ ಮುರಿಯುವವರು ಇರಲಿಲ್ಲ ಅಂತ ನಾನು ಹೇಳಲಿಲ್ಲ, ನಿಯಮ ಇತ್ತು ಅಂದೆ.

ಹಳೇಕಾಗದ

ಸೈನ್ಯ, ವ್ಯಾಪಾರ ಇರುವ ಕಡೆ ಮಿಶನರಿಯನ್ನು ದೂರ ಇಡುವುದು ಹೊಸ ಬುದ್ಧಿ ಅಲ್ಲ. ಈಸ್ಟ್ ಇಂಡಿಯಾ ಕಂಪನಿಯೂ 1813ರವರೆಗೆ ತನ್ನ ಪ್ರದೇಶಕ್ಕೆ ಮಿಶನರಿಗಳನ್ನು ಬಿಟ್ಟುಕೊಳ್ಳಲು ಒಪ್ಪುತ್ತಿರಲಿಲ್ಲ. ಜನ ರೊಚ್ಚಿಗೆದ್ದರೆ ವ್ಯಾಪಾರ ಕೆಡುತ್ತದೆ ಅಂತ. ವಿಲಿಯಂ ಕೇರಿ ಅದಕ್ಕೇ ಡೇನರ ಕೈಯಲ್ಲಿದ್ದ ಸೆರಾಂಪುರದಲ್ಲಿ ನೆಲೆ ನಿಂತರು. ನಮ್ಮ ಮಂಗಳೂರಿಗೆ ಬಾಸೆಲ್ ಮಿಶನ್ ಬಂದದ್ದು 1834ರಲ್ಲಿ, ಕಾನೂನು ಸಡಿಲ ಆದ ಮೇಲೆ. 1843ರಲ್ಲಿ ಅಲ್ಲೇ ಮೊದಲ ಕನ್ನಡ ಪತ್ರಿಕೆ, ಆಮೇಲೆ ಹೆಂಚಿನ ಕಾರ್ಖಾನೆ...

ಮಾಡರೇಟರ್

ಬಾಸೆಲ್ ಮಿಶನ್ ಬಗ್ಗೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಬರೆಯಿರಿ. ಇಲ್ಲಿ ಅಫ್ಘಾನಿಸ್ತಾನ.

ರಾಗಿಮುದ್ದೆ

ಅಫ್ಘಾನಿಸ್ತಾನದಲ್ಲಿ ಚರ್ಚೇ ಇರಲಿಲ್ಲ ಅಲ್ವಾ? ಮತ್ತೆ ಯಾವ ಆಚರಣೆಯ ಸ್ವಾತಂತ್ರ್ಯ?

ಹಳೇಕಾಗದ

ಇತ್ತು. ಕಾಬೂಲಿನಲ್ಲಿ ವಿದೇಶಿಯರಿಗಾಗಿ ಪ್ರೊಟೆಸ್ಟೆಂಟರ ಚರ್ಚ್ 1970ರಲ್ಲಿ ಕಟ್ಟಿದರು. ಮೂರೇ ವರ್ಷಕ್ಕೆ, 1973ರಲ್ಲಿ, ಸರ್ಕಾರವೇ ಒಡೆಸಿತು. ಉಳಿದದ್ದು ಇಟಲಿ ರಾಯಭಾರ ಕಚೇರಿಯ ಆವರಣದ ಒಳಗಿನ ಕೆಥೋಲಿಕ್ ಚಾಪೆಲ್ ಒಂದೇ. 1930ರ ದಶಕದಿಂದ ಅಲ್ಲಿ ಪಾದ್ರಿ ಇರುತ್ತಿದ್ದರು. ಅದೂ ವಿದೇಶಿಯರಿಗೆ ಮಾತ್ರ. ಅಫ್ಘನ್ ಪ್ರಜೆ ಹೋಗಿ ಕೂರುವ ಚರ್ಚ್ ಒಂದೂ ಇರಲಿಲ್ಲ.

ಸೋಲ್_ಕನ್ನಡಿಗ

ಕೊರಿಯಾದವರ ಪ್ರಕರಣ ಯಾರೂ ಎತ್ತಲಿಲ್ಲವಲ್ಲ. ನಾನಿರುವ ಊರಿನಲ್ಲಿ ಇದು ಇನ್ನೂ ನೋಯುವ ಗಾಯ.

ಬಯಲುಸೀಮೆ

ನಾನೇ ಬರೆಯಬೇಕು ಅಂತಿದ್ದೆ. ನೂರಾರು ಕೊರಿಯನ್ನರನ್ನು ತಾಲಿಬಾನ್ ಹಿಡಿದಿದ್ದರಲ್ಲ, 2007ರಲ್ಲಿ.

ಸೋಲ್_ಕನ್ನಡಿಗ

ನೂರಾರು ಅಲ್ಲ, 23 ಜನ. ನೀವು ಎರಡು ಘಟನೆ ಸೇರಿಸಿಬಿಟ್ಟಿದ್ದೀರಿ ಅನ್ನಿಸುತ್ತದೆ. 2006ರ ಆಗಸ್ಟ್‌ನಲ್ಲಿ ಸಾವಿರಕ್ಕೂ ಹೆಚ್ಚು ಕೊರಿಯನ್ ಕ್ರೈಸ್ತರು ಶಾಂತಿ ಉತ್ಸವ ಅಂತ ಅಫ್ಘಾನಿಸ್ತಾನಕ್ಕೆ ಬಂದರು. ಮಕ್ಕಳನ್ನೂ ಕರೆದುಕೊಂಡು ಬಂದಿದ್ದರು. ಅಲ್ಲಿನ ಮೌಲ್ವಿಗಳು ವಿರೋಧಿಸಿದರು, ಸರ್ಕಾರ ಉತ್ಸವ ನಿಲ್ಲಿಸಿ ಎಲ್ಲರನ್ನೂ ವಾಪಸ್ ಕಳಿಸಿತು. ಅದು ಎಚ್ಚರಿಕೆ ಆಗಬೇಕಿತ್ತು.

ಮರುವರ್ಷ ಜುಲೈ 19ಕ್ಕೆ ಬುಂದಾಂಗ್‌ನ ಸೆಮ್ಮುಲ್ ಚರ್ಚಿನ 23 ಜನ ಕಾಬೂಲಿನಿಂದ ಕಂದಹಾರ್ ಕಡೆ ಬಸ್ಸಿನಲ್ಲಿ ಹೊರಟಿದ್ದರು. 16 ಹೆಂಗಸರು, 7 ಗಂಡಸರು. ಹೆಚ್ಚಿನವರು ಇಪ್ಪತ್ತು ಮೂವತ್ತರ ಆಸುಪಾಸಿನವರು. ಘಜ್ನಿಯಲ್ಲಿ ತಾಲಿಬಾನ್ ಬಸ್ ತಡೆದರು. ತಂಡದ ಪಾದ್ರಿಯನ್ನು ಕೊಂದರು, ಆಮೇಲೆ ಇನ್ನೊಬ್ಬ ಯುವಕನನ್ನು ಕೊಂದರು. ಉಳಿದ 21 ಜನ ಆಗಸ್ಟ್ ಕೊನೆಯ ಹೊತ್ತಿಗೆ ಬಿಡುಗಡೆಯಾದರು. ಅದಕ್ಕೆ ಕೊರಿಯಾ ಸರ್ಕಾರ ಕೊಟ್ಟ ಮಾತು ಏನು ಗೊತ್ತಾ? ವರ್ಷದ ಕೊನೆಗೆ ತನ್ನ ಸುಮಾರು 200 ಸೈನಿಕರನ್ನು ವಾಪಸ್ ಕರೆಸುವುದು, ಅಫ್ಘಾನಿಸ್ತಾನದಲ್ಲಿ ಕೊರಿಯನ್ ಮಿಶನರಿ ಕೆಲಸ ನಿಲ್ಲಿಸುವುದು. ಅಷ್ಟೇ ಅಲ್ಲ, ಆ ದೇಶಕ್ಕೆ ಅನುಮತಿ ಇಲ್ಲದೆ ಹೋಗುವುದನ್ನೇ ಕಾನೂನು ಮಾಡಿ ನಿಷೇಧಿಸಿತು.

ಹೊರಡುವ ಮುಂಚೆ ವಿಮಾನ ನಿಲ್ದಾಣದಲ್ಲಿ, ಅಫ್ಘಾನಿಸ್ತಾನಕ್ಕೆ ಹೋಗಬೇಡಿ ಅನ್ನುವ ಸರ್ಕಾರಿ ಫಲಕದ ಪಕ್ಕ ನಿಂತು ಅವರು ತೆಗೆಸಿಕೊಂಡ ಫೋಟೋ ಆಮೇಲೆ ಇಲ್ಲಿ ಎಲ್ಲ ಕಡೆ ಓಡಾಡಿತು. ಸತ್ತವರ ಮನೆಯವರಿಗೂ ಜನ ಬೈದರು. ನನಗೆ ಆ ಬೈಗುಳ ಸರಿ ಅನ್ನಿಸುವುದಿಲ್ಲ. ಆದರೆ ಕಳಿಸಿದ ಹಿರಿಯರು ಉತ್ತರ ಕೊಡಬೇಕಿತ್ತು. ದರಿ ಬಾರದ, ಊರು ಗೊತ್ತಿಲ್ಲದ ಹುಡುಗ ಹುಡುಗಿಯರನ್ನು ಹತ್ತು ದಿನಕ್ಕೆ ಆ ರಸ್ತೆಗೆ ಬಿಡಬಾರದಿತ್ತು.

ಕನ್ನಡಕದವಳು

ಸೋಲ್‌ನವರ ಕೊನೆ ಸಾಲಿಗೆ ನೂರಕ್ಕೆ ನೂರು ಒಪ್ಪಿಗೆ. ಆದರೆ ಎಲ್ಲರನ್ನೂ ಅದೇ ಸಾಲಿಗೆ ಸೇರಿಸಬೇಡಿ. ಟಾಮ್ ಲಿಟಲ್ ಹೆಸರು ಕೇಳಿದ್ದೀರಾ?

ನಾನು ಕಣ್ಣು ಪರೀಕ್ಷೆ ಮಾಡುವ ಕೆಲಸದವಳು, ರಾಯಚೂರು ಕಡೆ ಹಳ್ಳಿಗಳಲ್ಲಿ ಕ್ಯಾಂಪಿಗೆ ಹೋಗುತ್ತಿರುತ್ತೇನೆ. ಲಿಟಲ್ ಕೂಡ ಅದೇ ಕೆಲಸದವರು. 1970ರ ದಶಕದಲ್ಲಿ ಹೆಂಡತಿ ಜೊತೆ ಕಾಬೂಲಿಗೆ ಹೋದವರು ಅಲ್ಲೇ ಮೂರು ಮಕ್ಕಳನ್ನು ಬೆಳೆಸಿದರು. ರಷ್ಯನ್ ಸೈನ್ಯ ಇದ್ದಾಗ, ಕಾಬೂಲಿನ ಮೇಲೆ ದಿನಾ ರಾಕೆಟ್ ಬೀಳುವಾಗ, ತಾಲಿಬಾನ್ ಕಾಲದಲ್ಲೂ 2001ರಲ್ಲಿ ಹೊರಗೆ ಹಾಕುವವರೆಗೆ ಅಲ್ಲೇ ಇದ್ದರು, ಆಮೇಲೆ ಮತ್ತೆ ಹೋದರು. ದರಿ ಮನೆಮಾತಿನಂತೆ ಆಡುತ್ತಿದ್ದರು. ಅವರ ಸಂಸ್ಥೆ ಇಂಟರ್‌ನ್ಯಾಷನಲ್ ಅಸಿಸ್ಟೆನ್ಸ್ ಮಿಶನ್ 1966ರಿಂದ ಅಲ್ಲಿದೆ. ಹೆಸರಿನಲ್ಲೇ ಮಿಶನ್ ಇದೆ, ಕ್ರೈಸ್ತರ ಸಂಸ್ಥೆ ಅಂತ ಎಲ್ಲರಿಗೂ ಗೊತ್ತು, ಆದರೆ ಧರ್ಮಪ್ರಚಾರ ಮಾಡುವುದಿಲ್ಲ ಅನ್ನುವುದು ಅವರ ನಿಯಮ. ಅವರ ನೂರ್ ಕಣ್ಣಿನ ಆಸ್ಪತ್ರೆಗಳಲ್ಲಿ ಲಕ್ಷಾಂತರ ಜನ ಕಣ್ಣು ತೋರಿಸಿಕೊಂಡಿದ್ದಾರೆ.

2010ರಲ್ಲಿ ಅವರು ಒಂದು ತಂಡ ಕಟ್ಟಿಕೊಂಡು ನೂರಿಸ್ತಾನದ ಪಾರೂನ್ ಕಣಿವೆಗೆ ಹೋದರು. ರಸ್ತೆ ಮುಗಿದ ಮೇಲೆ ಹಿಮದ ಕಣಿವೆ ದಾಟಿ ನಡೆದು ಹೋಗಬೇಕು, ಸಾಮಾನು ಕುದುರೆ ಮೇಲೆ. ಕ್ಯಾಂಪ್ ಅಂದ್ರೆ ಏನು ಅಂತ ನನಗೆ ಗೊತ್ತು. ಲೆನ್ಸ್ ಪೆಟ್ಟಿಗೆ, ಅಕ್ಷರದ ಬೋರ್ಡು, ಟಾರ್ಚು, ಡ್ರಾಪ್ಸು, ನಂಬರ್ ಪ್ರಕಾರ ಕಟ್ಟಿಟ್ಟ ಕನ್ನಡಕಗಳು. ಜೀಪಿನಲ್ಲಿ ಒಯ್ಯುವಾಗಲೇ ನಮ್ಮ ಗಾಜು ಒಡೆಯುತ್ತದೆ. ಕುದುರೆ ಮೇಲೆ ಕಟ್ಟಿ ಹಿಮದಲ್ಲಿ ಒಯ್ಯುವುದು ನೆನೆಸಿಕೊಂಡರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಹಲ್ಲು, ಹೆರಿಗೆ, ಮಕ್ಕಳ ಆರೋಗ್ಯವನ್ನೂ ನೋಡಿದರು. ವಾಪಸ್ ಬರುವಾಗ ಬದಖ್ಶಾನ್‌ನಲ್ಲಿ ಬಂದೂಕುಧಾರಿಗಳು ಹತ್ತು ಜನರನ್ನು ಸಾಲಾಗಿ ಗುಂಡಿಟ್ಟು ಕೊಂದರು. 6 ಅಮೆರಿಕನ್ನರು, ಒಬ್ಬರು ಬ್ರಿಟಿಷ್ ವೈದ್ಯೆ, ಒಬ್ಬರು ಜರ್ಮನಿಯವರು, ಇಬ್ಬರು ಅಫ್ಘನ್ನರು. ದರಿ ಬೈಬಲ್ ಇತ್ತು ಅಂತ ತಾಲಿಬಾನ್ ಹೇಳಿಕೆ ಕೊಟ್ಟರು, ಸಂಸ್ಥೆ ಅದನ್ನು ನಿರಾಕರಿಸಿತು.

ಆ ಇಬ್ಬರು ಅಫ್ಘನ್ನರು ಮುಸ್ಲಿಮರು ಅನ್ನುವುದನ್ನು ಮರೆಯಬೇಡಿ. ಲಿಟಲ್ ಅವರನ್ನು ಕಾಬೂಲಿನಲ್ಲೇ ಮಣ್ಣು ಮಾಡಿದರು.

ಬಯಲುಸೀಮೆ

ಮೇಡಂ, ಲಿಟಲ್ ಬಗ್ಗೆ ನನಗೆ ಗೌರವ ಇದೆ, ಒಂದು ಮಾತೂ ಎದುರು ಹೇಳುವುದಿಲ್ಲ. ನನ್ನ ಸಿಟ್ಟು ಬೇರೆಯವರ ಮೇಲೆ. 2001ರ ಆಗಸ್ಟ್‌ನಲ್ಲಿ ಶೆಲ್ಟರ್ ನೌ ಅನ್ನುವ ಕ್ರೈಸ್ತ ನೆರವು ಸಂಸ್ಥೆಯ 8 ವಿದೇಶಿಯರನ್ನು ತಾಲಿಬಾನ್ ಹಿಡಿದರು. ಒಂದು ಮನೆಯಲ್ಲಿ ಯೇಸುವಿನ ಸಿನಿಮಾ ತೋರಿಸಿದ್ದು ನಿಜ ಅಂತ ಅದರಲ್ಲಿದ್ದ ಇಬ್ಬರು ಅಮೆರಿಕನ್ ಯುವತಿಯರು ಬಿಡುಗಡೆ ಆದ ಮೇಲೆ ಒಪ್ಪಿಕೊಂಡರು. ನವೆಂಬರಿನಲ್ಲಿ ಅಮೆರಿಕನ್ ಹೆಲಿಕಾಪ್ಟರ್ ಬಂದು 8 ಜನರನ್ನೂ ಎತ್ತಿಕೊಂಡು ಹೋಯಿತು. ಆದರೆ ಅವರ ಜೊತೆ ಜೈಲಿಗೆ ಬಿದ್ದಿದ್ದು 16 ಅಫ್ಘನ್ ಸಿಬ್ಬಂದಿ. ಅವರಿಗೆ ಯಾವ ಹೆಲಿಕಾಪ್ಟರ್ ಬಂತು? ತಾಲಿಬಾನ್ ಕಾಬೂಲು ಬಿಟ್ಟು ಓಡಿದ್ದರಿಂದ ಉಳಿದರು. ಆ ಗಲಾಟೆಯಲ್ಲೇ ಲಿಟಲ್ ಅವರ ಸಂಸ್ಥೆಯನ್ನೂ ದೇಶದಿಂದ ಓಡಿಸಿದರು. ಯಾರೋ ಸಿನಿಮಾ ತೋರಿಸಿದ್ದಕ್ಕೆ ಕಣ್ಣಿನ ಆಸ್ಪತ್ರೆಯವರೂ ಹೊರಗೆ!

ತುಂಗಾತೀರ

ಇದೇ, ಇದೇ ನಾನು ಹೇಳಬೇಕು ಅಂತಿದ್ದದ್ದು. ಏನೇ ಆದರೂ ಕೊನೆಗೆ ಬೆಲೆ ತೆರುವವರು ಸ್ಥಳೀಯರು. 2010ರಲ್ಲಿ ಕಾಬೂಲಿನ ನೂರಿನ್ ಟಿವಿ, ಅಫ್ಘನ್ನರು ದೀಕ್ಷಾಸ್ನಾನ ಪಡೆಯುವ ಚಿತ್ರ ತೋರಿಸಿತು. ಮುಖ ಮುಚ್ಚದೆ ತೋರಿಸಿತು! ಸರ್ಕಾರ ಎರಡು ನೆರವು ಸಂಸ್ಥೆಗಳ ಕೆಲಸ ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ಹೊತ್ತಿಗೆ ಸೈಯದ್ ಮೂಸಾ ಅನ್ನುವವರನ್ನು ಹಿಡಿದರು. ನೆಲಬಾಂಬಿಗೆ ಕಾಲು ಕಳೆದುಕೊಂಡವರು, ಆರು ಮಕ್ಕಳ ತಂದೆ, ರೆಡ್ ಕ್ರಾಸ್‌ನಲ್ಲಿ ತಮ್ಮಂತೆಯೇ ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಕೊಡಿಸುವ ಕೆಲಸ. ಅವರ ಪರ ನಿಲ್ಲಲು ಅಫ್ಘನ್ ವಕೀಲರು ಯಾರೂ ಮುಂದೆ ಬರಲಿಲ್ಲ. 2011ರ ಫೆಬ್ರುವರಿಯಲ್ಲಿ ಬಿಟ್ಟರು. ಅವರೂ ದೇಶ ಬಿಡಬೇಕಾಯಿತು.

ಕರಿಕೋಟು

ಅಬ್ದುಲ್ ರಹಮಾನ್ ಕೇಸಿನಲ್ಲೂ ಸೈಯದ್ ಮೂಸಾ ಕೇಸಿನಲ್ಲೂ ಕೋರ್ಟು ತೀರ್ಪು ಕೊಡಲೇ ಇಲ್ಲ, ಇದು ನನ್ನನ್ನು ಬಹಳ ಕಾಡುತ್ತದೆ. ಜರ್ಮನಿ, ಇಟಲಿ, ಅಮೆರಿಕ ಫೋನ್ ಮಾಡಿದವು, ಪೋಪ್ ಪತ್ರ ಬರೆದರು, ಮನುಷ್ಯ ಉಳಿದ. ಒಳ್ಳೆಯದೇ ಆಯಿತು. ಆದರೆ 3ನೇ ವಿಧಿ ದೊಡ್ಡದಾ 7ನೇ ವಿಧಿ ದೊಡ್ಡದಾ ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ಮುಂದಿನವನಿಗೆ ಏನೂ ರಕ್ಷಣೆ ಸಿಗಲಿಲ್ಲ. ಅಫ್ಘಾನಿಸ್ತಾನ 1948ರಲ್ಲೇ ಸಾರ್ವತ್ರಿಕ ಘೋಷಣೆಯ ಪರ ಮತ ಹಾಕಿದ ದೇಶ, ಸೌದಿ ಅರೇಬಿಯಾ ಹಾಗೆ ದೂರ ಉಳಿಯಲಿಲ್ಲ. 7ನೇ ವಿಧಿಯನ್ನು ಮೇಲಿಡುವ ದಾರಿ ಇತ್ತು.

ರಾಗಿಮುದ್ದೆ

ನಮ್ಮಲ್ಲೂ ಮತಾಂತರ ಕಾಯ್ದೆ ಬಂತಲ್ಲ 2022ರಲ್ಲಿ. ನಾವು ಅವರಿಗೆ ಬುದ್ಧಿ ಹೇಳೋದು ಯಾಕೆ?

ಕರಿಕೋಟು

ಎರಡೂ ಒಂದೇ ಅಲ್ಲ. ನಮ್ಮಲ್ಲಿ 1977ರ ಸ್ಟಾನಿಸ್ಲಾಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಪ್ರಚಾರ ಮಾಡುವ ಹಕ್ಕಿದೆ, ಇನ್ನೊಬ್ಬರನ್ನು ಮತಾಂತರ ಮಾಡುವ ಮೂಲಭೂತ ಹಕ್ಕು ಇಲ್ಲ ಅಂತ ಹೇಳಿತು. ನಮ್ಮ ರಾಜ್ಯಗಳ ಕಾಯ್ದೆಗಳು ನಿಂತಿರುವುದು ಅದರ ಮೇಲೆ. ಕರ್ನಾಟಕದ ಕಾಯ್ದೆಯಲ್ಲಿ ತಾನಾಗಿ ಬದಲಾಗುವವನೂ ಮೊದಲೇ ನೋಟಿಸ್ ಕೊಡಬೇಕು ಅಂತಿತ್ತು, ಅದನ್ನು ನಾನು ವಿರೋಧಿಸಿದವನು. ರದ್ದು ಮಾಡುತ್ತೇವೆ ಅಂತ 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನ ಮಾಡಿತು. ಏನೇ ಇರಲಿ, ಬದಲಾದವನಿಗೆ ಗಲ್ಲು ಅಂತ ಇಲ್ಲಿ ಯಾವ ಕಾಯ್ದೆಯೂ ಹೇಳಲಿಲ್ಲ. ಇದು ಮುಂದುವರಿದರೆ ಮಾಡರೇಟರ್ ಬರ್ತಾರೆ, ಇಲ್ಲಿಗೆ ಬಿಡ್ತೀನಿ.

ಕಲಬುರಗಿ_ಓದುಗ

ಕ್ರೈಸ್ತರ ಬಗ್ಗೆಯೇ ಮಾತಾಡ್ತಾ ಇದ್ದೀವಿ. ಯಾವ ಪ್ರಚಾರವನ್ನೂ ಮಾಡದ ಸಿಖ್ಖರಿಗೆ, ಹಿಂದೂಗಳಿಗೆ ಏನಾಯಿತು ನೋಡಿ. 2018ರಲ್ಲಿ ಜಲಾಲಾಬಾದಿನಲ್ಲಿ ಬಾಂಬು, ಸಂಸತ್ ಚುನಾವಣೆಗೆ ನಿಂತಿದ್ದ ಅವತಾರ್ ಸಿಂಗ್ ಖಾಲ್ಸಾ ಅದರಲ್ಲೇ ಹೋದರು. 2020ರ ಮಾರ್ಚ್‌ನಲ್ಲಿ ಕಾಬೂಲಿನ ಗುರುದ್ವಾರಕ್ಕೆ ನುಗ್ಗಿ 25 ಜನರನ್ನು ಕೊಂದರು. ಕಾಬೂಲಿನಲ್ಲಿ ಸತ್ತವರನ್ನು ಸುಡಲು ಹೋದರೂ ಸುತ್ತಲಿನವರು ಕಲ್ಲು ಹೊಡೆಯುತ್ತಿದ್ದರು. ಹಜಾರಾ ಶಿಯಾಗಳಂತೂ ಮುಸ್ಲಿಮರೇ, ಅವರ ಮಸೀದಿ, ಶಾಲೆ, ಹೆರಿಗೆ ಆಸ್ಪತ್ರೆಯನ್ನೂ ಬಿಡಲಿಲ್ಲ. ಹಾಗಾಗಿ ಮಿಶನರಿಗಳು ಬಂದಿದ್ದರಿಂದಲೇ ಸ್ವಾತಂತ್ರ್ಯ ಹೋಯಿತು ಅನ್ನುವ ವಾದ ನಿಲ್ಲುವುದಿಲ್ಲ, ಬಯಲುಸೀಮೆ ಅಣ್ಣಾ.

ಬಯಲುಸೀಮೆ

ಅವರಿಂದಲೇ ಹೋಯಿತು ಅಂತ ನಾನು ಅನ್ನಲಿಲ್ಲ. ಕೊಲ್ಲುವವರಿಗೆ ನೆಪ ಕೊಟ್ಟರು ಅಂದೆ.

ಕಲಬುರಗಿ_ಓದುಗ

ಅವರಿಗೆ ನೆಪ ಬೇಕಾಗಿರಲಿಲ್ಲ, ಅದೇ ನಾನು ಹೇಳ್ತಿರೋದು.

ಕುಡ್ಲದವ

2014ರಲ್ಲಿ ನಮ್ಮ ದೇಶದ ಜೆಸ್ವಿಟ್ ಪಾದ್ರಿ ಅಲೆಕ್ಸಿಸ್ ಪ್ರೇಮ್ ಕುಮಾರ್ ಅವರನ್ನು ಹೇರಾತ್ ಹತ್ತಿರ ಎತ್ತಿಕೊಂಡು ಹೋದರು. ತಮಿಳುನಾಡಿನವರು. ವಾಪಸ್ ಬಂದ ನಿರಾಶ್ರಿತರ ಮಕ್ಕಳಿಗಾಗಿ ಇದ್ದ ಶಾಲೆ ನೋಡಲು ಹೋಗಿದ್ದಾಗ. ಎಂಟು ತಿಂಗಳ ಮೇಲೆ ಬಿಡುಗಡೆ ಆಯಿತು. ನಮ್ಮೂರ ಇಗರ್ಜಿಯಲ್ಲಿ ಅವರಿಗಾಗಿ ಪ್ರಾರ್ಥನೆ ಇಟ್ಟಿದ್ದರು. 2021ರ ಆಗಸ್ಟ್‌ನಲ್ಲಿ ಕಾಬೂಲು ಬಿದ್ದಾಗ ಸಿಕ್ಕಿಹಾಕಿಕೊಂಡವರಲ್ಲಿ ನಮ್ಮ ಕರಾವಳಿ ಮೂಲದ ಪಾದ್ರಿಗಳೂ, ಬುದ್ಧಿಮಾಂದ್ಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಸಿಸ್ಟರ್ ಕೂಡ ಇದ್ದರು. ಆ ವಾರ ಮಂಗಳೂರಿನ ಪೇಪರ್ ತುಂಬ ಇದೇ ಸುದ್ದಿ.

ರಾಗಿಮುದ್ದೆ

ಈಗ ಅಲ್ಲಿ ಕ್ರೈಸ್ತ ಸಂಸ್ಥೆಗಳು ಇದ್ದಾವಾ?

ಕನ್ನಡಕದವಳು

ಲಿಟಲ್ ಅವರ ಸಂಸ್ಥೆ 2021ರ ನಂತರವೂ ಬಿಡಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಘೋರ್ ಪ್ರಾಂತ್ಯದ ಅವರ ಕಚೇರಿಯಿಂದ 18 ಜನರನ್ನು ತಾಲಿಬಾನ್ ಹಿಡಿದುಕೊಂಡು ಹೋದರು. ಆರೋಪ ಅದೇ, ಧರ್ಮಪ್ರಚಾರ. ಹಿಡಿದವರಲ್ಲಿ ಬಹುಪಾಲು ಅಫ್ಘನ್ನರು.

ಸೋಲ್_ಕನ್ನಡಿಗ

ಅಫ್ಘನ್ ಕ್ರೈಸ್ತರಿಗೆ ಭಾರತದ ಪೌರತ್ವ ಸಿಗುತ್ತದೆ ಅಲ್ವಾ? ಸಿಎಎ (ಪೌರತ್ವ ತಿದ್ದುಪಡಿ ಕಾಯ್ದೆ) ಪಟ್ಟಿಯಲ್ಲಿ ಕ್ರೈಸ್ತರು ಇದ್ದಾರೆ.

ಕರಿಕೋಟು

ಪಟ್ಟಿಯಲ್ಲಿ ಇದ್ದಾರೆ. ಆದರೆ 2014ರ ಡಿಸೆಂಬರ್ 31ರೊಳಗೆ ಭಾರತಕ್ಕೆ ಬಂದಿರಬೇಕು. 2021ರಲ್ಲಿ ಜೀವ ಉಳಿಸಿಕೊಂಡು ಓಡಿ ಬಂದವರು ಆ ಕಾಯ್ದೆಯಡಿ ಬರುವುದಿಲ್ಲ. ದೆಹಲಿಯ ಲಾಜ್‌ಪತ್ ನಗರ, ಭೋಗಲ್ ಕಡೆ ಅಫ್ಘನ್ನರು ತುಂಬ ಇದ್ದಾರೆ, ಅವರಲ್ಲಿ ಕ್ರೈಸ್ತರಾದವರೂ ಇದ್ದಾರೆ. ಕೈಯಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಕಾರ್ಡು ಒಂದೇ. ಬೇರೆ ದೇಶ ಕರೆಸಿಕೊಳ್ಳುತ್ತದಾ ಅಂತ ಕಾಯುತ್ತಾರೆ.

ಕುಡ್ಲದವ

ಪ್ರೇಮ್ ಕುಮಾರ್ ಕೆಲಸ ಮಾಡುತ್ತಿದ್ದ ಜೆಸ್ವಿಟರ ನಿರಾಶ್ರಿತರ ಸೇವಾ ಸಂಸ್ಥೆ ದೆಹಲಿಯಲ್ಲಿ ಅಫ್ಘನ್ ಮಕ್ಕಳಿಗೆ ಇಂಗ್ಲಿಷ್, ಕಂಪ್ಯೂಟರ್ ಕಲಿಸುತ್ತದೆ. ಯಾವ ಧರ್ಮ ಅಂತ ಕೇಳುವುದಿಲ್ಲ. ದೆಹಲಿಯಲ್ಲಿ ಇರುವ ಕನ್ನಡಿಗರು ಯಾರಾದರೂ ಪಾಠ ಮಾಡಲು ಹೋಗುವಂತಿದ್ದರೆ ನನಗೆ ಮೆಸೇಜ್ ಮಾಡಿ, ಅಲ್ಲಿ ಹೋಗಿ ಬರುವವರ ಪರಿಚಯ ಇದೆ.

ಕಲಬುರಗಿ_ಓದುಗ

ನನ್ನ ತಂಗಿ ಜಾಮಿಯಾದಲ್ಲಿ ಓದುತ್ತಿದ್ದಾಳೆ, ಭೋಗಲ್ ಅಲ್ಲಿಂದ ದೂರ ಇಲ್ಲ. ಅವಳನ್ನು ಕೇಳಿ ಮೆಸೇಜ್ ಮಾಡ್ತೀನಿ.